ತಕ್ಕಡಿಯ ಮೇಲೆ ಹೆಂಡತಿ

“ಹೊಡ್ಯೂದಿಲ್ರೀ ಅಕ್ಕಾರ, ಬರೇ ಶಿಸ್ತು ಕಲಸ್ತಾರ.”

ಹಾವೇರಿಯಲ್ಲಿ ನಮ್ಮ ಸಭೆ ಮುಗಿದು ಚಾಪೆ ಸುತ್ತುವ ಹೊತ್ತಿಗೆ, ರಾಣೆಬೆನ್ನೂರಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ನನಗೆ ಹೇಳಿದ ಮಾತಿದು. ಎರಡನೆಯ ಹೆರಿಗೆಯ ನಂತರ ಆಕೆಯ ತೂಕ ಏರಿತ್ತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಗಂಡ ಮರುದಿನವೇ ತೂಕದ ಯಂತ್ರ ತಂದ, ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ. ಪ್ರತಿ ಭಾನುವಾರ ಅತ್ತೆ, ಮೈದುನರ ಎದುರು ಆಕೆ ಆ ಯಂತ್ರದ ಮೇಲೆ ನಿಲ್ಲಬೇಕು. ಒಂದು ಕಿಲೋ ಇಳಿದರೆ ಬಹುಮಾನ. ಇಳಿಯದಿದ್ದರೆ ಆ ರಾತ್ರಿ ಊಟವಿಲ್ಲ, ಮೊಬೈಲು ಅವನ ಕಿಸೆಯಲ್ಲಿ. ಎರಡು ವಾರ ಇಳಿಯಲಿಲ್ಲವೆಂದು ಪಂಚಮಿ ಹಬ್ಬಕ್ಕೆ ತವರಿಗೂ ಕಳಿಸಲಿಲ್ಲ.

“ಬಹುಮಾನ ಏನು ಕೊಡ್ತಾರವ್ವಾ?” ಎಂದೆ.

“ನನ್ನ ಬೋರಮಾಳ ಸರ. ತಿಜೋರ್ಯಾಗ ಇಟ್ಟಾರ. ತೂಕ ಇಳದ್ರ ಒಂದಿನ ಹಾಕ್ಕೊಳ್ಳಾಕ ಕೊಡ್ತಾರ.”

“ಮಾಡಿಸಿದವರು ಯಾರು?”

“ನಮ್ಮಪ್ಪ. ಮದುವಿಯೊಳಗ.”

ಗೆಳತಿಯರೇ, ಅಪ್ಪ ಸಾಲ ಮಾಡಿ ಮಗಳ ಕೊರಳಿಗೆ ಹಾಕಿದ ಬಂಗಾರವೇ ಇಲ್ಲಿ ಗಂಡ ಕೊಡುವ ಬಹುಮಾನ! ಮದುವೆಯ ದಿನ ಬಂಗಾರವನ್ನು ತೂಗಿದರು, ಈಗ ಹುಡುಗಿಯನ್ನೇ ತೂಗುತ್ತಿದ್ದಾರೆ. ಇದನ್ನು ನಾವು ಶಿಸ್ತು ಎಂದು ಕರೆಯೋಣವೇ?

ವ್ಯಾಯಾಮದ ವಿರುದ್ಧ ನನ್ನ ತಕರಾರಿಲ್ಲ. ನನಗೂ ಸಕ್ಕರೆ ಕಾಯಿಲೆ ಇದೆ, ನಾನೂ ನಡೆಯುತ್ತೇನೆ. ನಮ್ಮ ಮನೆಯಲ್ಲೂ ಒಂದು ಪಂತವಿದೆ. ಬೆಳಿಗ್ಗೆ ಎದ್ದು ನಡೆಯಲು ಬಾರದವರು ಆ ದಿನ ಇಬ್ಬರಿಗೂ ಚಹಾ ಮಾಡಬೇಕು. ನಮ್ಮವರು ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಹೀಗಿರುವಾಗ ಗಂಡ ಹೆಂಡತಿಯನ್ನು ಹುರಿದುಂಬಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಮರುಪ್ರಶ್ನೆ ಎರಡು. ಅವನ ಹೊಟ್ಟೆಯನ್ನು ಅಳೆಯಲು ಆಕೆಗೆ ಅಧಿಕಾರವಿದೆಯೇ? “ಇವತ್ತು ನನ್ನಿಂದ ಆಗೂದಿಲ್ಲ” ಎಂದು ಹೆದರಿಕೆಯಿಲ್ಲದೆ ಹೇಳಲು ಬರುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಇಬ್ಬರ ಆಟ. ಇಲ್ಲವಾದರೆ ಅದು ಒಬ್ಬನ ಯಜಮಾನಿಕೆ. ರೊಕ್ಕ, ತಿಜೋರಿಯ ಕೀಲಿ, ತವರಿನ ದಾರಿ ಎಲ್ಲವೂ ಒಬ್ಬನ ಕೈಯಲ್ಲಿರುವ ಮನೆಯಲ್ಲಿ ಬಹುಮಾನಕ್ಕೂ ಶಿಕ್ಷೆಗೂ ವ್ಯತ್ಯಾಸವಿಲ್ಲ. ಕೊಡುವ ಕೈಯೇ ಕಸಿಯುವ ಕೈ.

ಹೆಣ್ಣನ್ನು ತಿದ್ದುವುದು ಗಂಡನ ಹಕ್ಕು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಹೀಗೆ ಕೆಲವು ಕಾರಣ ಮುಂದಿಟ್ಟು, ಗಂಡ ಹೊಡೆಯುವುದು ಸರಿಯೇ ಎಂದು ಅದರಲ್ಲಿ ಕೇಳಲಾಗಿತ್ತು. ಕರ್ನಾಟಕದಲ್ಲಿ 100 ಹೆಂಗಸರಲ್ಲಿ ಸುಮಾರು 77 ಜನ, 100 ಗಂಡಸರಲ್ಲಿ ಸುಮಾರು 82 ಜನ ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇಕಡಾ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹೊಡೆತವೇ ತಿದ್ದುಪಡಿ ಎನಿಸಿಕೊಳ್ಳುವ ನಾಡಿನಲ್ಲಿ ತೂಕದ ಹಾಳೆ ಪ್ರೀತಿ ಎನಿಸಿಕೊಂಡರೆ ಆಶ್ಚರ್ಯವೇನು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮುಂದೆ ಈ ಸಂಗತಿ ಇಟ್ಟೆ. ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಒಬ್ಬ ಹಿರಿಯಳು ಹೇಳಿದಳು: “ಮೆಣಸಿನಕಾಯಿ ಚೀಲಾನ ಮಾರೂ ಮುಂದ ತೂಗ್ತಾರ. ಆ ಹುಡುಗೀನ್ನ ವಾರಕ್ಕೊಮ್ಮಿ ಯಾರಿಗೆ ಮಾರಾಕ ತೂಗ್ತಾರ?” ಈ ಹೆಂಗಸರು ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದು, ನೀರು ತುಂಬಿ, ದಿನವಿಡೀ ಘಾಟಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸಂಜೆ ಮತ್ತೆ ಒಲೆಯ ಮುಂದೆ ಕೂರುವವರು. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರ ದಿನವೂ ಇದೇ. ಇವರ ಮೊಣಕಾಲು, ಸೊಂಟ ನೋಯುತ್ತವೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಇಂಥವಳಿಗೆ ರಾತ್ರಿಯ ಊಟ ತಪ್ಪಿಸಿ “ಆಲಸಿ” ಎನ್ನುವುದು ಯಾವ ಆರೋಗ್ಯ?

ಶಿಕ್ಷೆ ಬೇಡ, ಬಹುಮಾನವಾದರೂ ಇರಲಿ ಎನ್ನುವವರು ಒಂದು ವಿಷಯ ತಿಳಿಯಬೇಕು. 1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಗಟಿನ ಆಟ ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳಿಗೆ, ಹಣ ನಿಂತ ಮೇಲೆ ಆ ಆಟದಲ್ಲಿ ಮೊದಲಿನಷ್ಟು ಆಸಕ್ತಿ ಉಳಿಯಲಿಲ್ಲ. ಹೊರಗಿನ ಆಮಿಷ ಒಳಗಿನ ಒಲವನ್ನು ತಿನ್ನುತ್ತದೆ. ಸರಕ್ಕಾಗಿ ನಡೆಯುವವಳಿಗೆ ನಡೆಯುವ ಸುಖ ಎಂದೂ ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ. ಅಂದರೆ ಐದು ದಿನ, ದಿನಕ್ಕೆ ಅರ್ಧ ತಾಸು. ಹೆಂಡತಿಯ ಆರೋಗ್ಯದ ಕಾಳಜಿ ನಿಜವಾಗಿದ್ದರೆ, ಗಂಡಸರೇ, ಆ ಅರ್ಧ ತಾಸು ಬಿಡಿಸಿ ಕೊಡಿ. ನೀವು ರೊಟ್ಟಿ ಬಡಿಯಿರಿ, ಕೂಸನ್ನು ಎತ್ತಿಕೊಳ್ಳಿ. ಆಕೆ ನೆರೆಯವರ ಜೊತೆ ಹೋಗಿ ಬರಲಿ. ಎಷ್ಟು ಇಳಿಯಿತು ಎಂದು ಕೇಳಬೇಡಿ.

ಇನ್ನು ಕಾನೂನಿನ ಮಾತು. ವಧುವಿಗೆ ಬಂದ ಸ್ತ್ರೀಧನ ಅವಳದೇ, ಗಂಡನ ಮನೆಯವರ ಕೈಯಲ್ಲಿದ್ದರೂ ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಹಿಂಸೆ ಎಂದರೆ ಬರೀ ಪೆಟ್ಟಲ್ಲ. ಅವಮಾನ, ಹೀಯಾಳಿಕೆ, ಸ್ತ್ರೀಧನ ತಡೆಹಿಡಿಯುವುದು ಕೂಡ ಹಿಂಸೆಯೇ. ಸ್ತ್ರೀಧನ ಹಿಂತಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಸಂರಕ್ಷಣಾಧಿಕಾರಿಯ ಬಳಿ ದೂರು ಕೊಡಬಹುದು, 181ಕ್ಕೆ ಫೋನು ಮಾಡಬಹುದು. ಕ್ರೌರ್ಯವು ತೀವ್ರವಾದಾಗ, 1983ರಲ್ಲಿ ಬಂದ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ.

ಇಷ್ಟನ್ನೂ ಆ ಹೆಣ್ಣುಮಗಳಿಗೆ ಹೇಳಿದೆ. ಕೋರ್ಟಿಗೆ ಹೋಗಲು ಆಕೆ ಇನ್ನೂ ಸಿದ್ಧಳಿಲ್ಲ. ಅದಕ್ಕೆ ನಾವು ಆಕೆಯನ್ನು ದೂರುವಂತಿಲ್ಲ. ಎರಡು ಕೂಸು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ನಾವೆಲ್ಲ ಸೇರಿ ಹುಡುಕಬೇಕು. ಆದರೆ ಹೊರಡುವಾಗ ಆಕೆ ಒಂದು ಮಾತು ಹೇಳಿದಳು: “ಮದಲ ನನ್ನ ಸರ ಕೇಳ್ತೀನ್ರಿ ಅಕ್ಕಾರ. ಬಹುಮಾನ ಅಂತಲ್ಲ, ನಂದು ಅಂತ.”

ಕೇಳಲಿ. ಕೇಳುವ ದಿನ ಆಕೆ ಒಬ್ಬಳೇ ಇರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಿಮ್ಮ ಓಣಿಯಲ್ಲೂ ಇಂಥ ಹಾಳೆ ಅಂಟಿಸಿದ ಅಡುಗೆಮನೆ ಇರಬಹುದು. ಹೋಗಿ ಬಾಗಿಲು ಬಡಿಯಿರಿ. “ಬಾರವ್ವಾ, ನಡೀಲಿಕ್ಕೆ ಹೋಗೂಣು” ಎಂದು ಕರೆಯಿರಿ.