ಕಾಲ್ಗುಣವೆಂಬ ದೆವ್ವ

ಹೊಸ ಸೊಸೆ ಹೊಸ್ತಿಲ ಹೊರಗೆ ನಿಂತಿದ್ದಾಳೆ. ಎದುರಿಗೆ ಅಕ್ಕಿ ತುಂಬಿದ ಸೇರು, ಮೇಲೊಂದು ಅಚ್ಚು ಬೆಲ್ಲ. ಬಲಗಾಲಲ್ಲಿ ಸೇರನ್ನು ಮೆಲ್ಲಗೆ ತಳ್ಳಿ ಒಳಗೆ ಬರಬೇಕು. ಅಕ್ಕಿ ಎಷ್ಟು ಚೆಲ್ಲಿತು, ಯಾವ ದಿಕ್ಕಿಗೆ ಚೆಲ್ಲಿತು ಎಂದು ಒಳಗಿರುವ ಕಣ್ಣುಗಳೆಲ್ಲ ನೋಡುತ್ತಿರುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಶಾಸ್ತ್ರ ಗೊತ್ತಿಲ್ಲದವರಿಲ್ಲ. ತಿಂಗಳೊಳಗೆ ಹಸು ಹೆಣ್ಣುಗರು ಹಾಕಿದರೆ ಸೊಸೆಯ ಕಾಲ್ಗುಣ ಚೆನ್ನಾಗಿದೆ ಎನ್ನುತ್ತಾರೆ. ಬೋರ್‌ವೆಲ್ ಬತ್ತಿದರೂ ಮಾತು ಹೊರಳುವುದು ಅವಳ ಕಾಲಿನತ್ತಲೇ.

‘ಅಯ್ಯನ ಮನೆ’ ಹೆದರಿಸುವುದು ಈ ಹೊಸ್ತಿಲಿನಲ್ಲಿ. 2025ರ ಏಪ್ರಿಲ್ 25ರಂದು ಜೀ5ಗೆ ಬಂದ ಈ ಕನ್ನಡ ಕಿರುಸರಣಿಯನ್ನು ನಿರ್ದೇಶಿಸಿದವರು ರಮೇಶ್ ಇಂದಿರಾ, ನಿರ್ಮಿಸಿದವರು ಶ್ರುತಿ ನಾಯ್ಡು. ‘ದಿಯಾ’ ಚಿತ್ರದ ಖುಷಿ ರವಿ ಇಲ್ಲಿ ಜಾಜಿ. ಚಿಕ್ಕಮಗಳೂರಿನ ದೊಡ್ಡ ಮನೆತನಕ್ಕೆ ಸೊಸೆಯಾಗಿ ಬರುತ್ತಾಳೆ. ಬಂದ ದಿನವೇ ಮಾವ ಸಾಯುತ್ತಾನೆ. ಆ ಮನೆಯಲ್ಲಿ ಅವಳಿಗಿಂತ ಮುಂಚೆ ಮೂವರು ಸೊಸೆಯಂದಿರು ಸತ್ತಿದ್ದಾರೆ. ಮನೆದೇವರ ಹೆಸರು ಕೊಂಡಯ್ಯ. ಸಾವುಗಳಿಗೆಲ್ಲ ಆ ದೇವರ ಮುನಿಸೇ ಕಾರಣವೆಂಬ ನೆರಳು ಮನೆಯ ಮೇಲಿದೆ. ಕೊನೆಯ ಗುಟ್ಟನ್ನು ಇಲ್ಲಿ ಬಿಚ್ಚುವುದು ಸರಿಯಲ್ಲ. ಆದರೆ ಮೊದಲ ಕಂತುಗಳು ಕಾಡುವುದಕ್ಕೆ ಆ ಗುಟ್ಟು ಬೇಕಾಗಿಯೂ ಇಲ್ಲ. ಮಾವನ ಹೆಣ ಒಳಗಿರುವಾಗ, ಅರಿಶಿನದ ಕೊಂಬು ಕೊರಳಲ್ಲಿ ಇನ್ನೂ ಹಸಿಯಾಗಿರುವ ಹುಡುಗಿಯನ್ನು ಮನೆ ಹೇಗೆ ನೋಡೀತು ಎಂಬುದನ್ನು ನೋಡುಗರು ತಾವೇ ತುಂಬಿಕೊಳ್ಳುತ್ತಾರೆ. ಅಂಥ ನೋಟ ಅವರಿಗೆ ಹೊಸದಲ್ಲ.

ಕನ್ನಡದ ತೆರೆಯಲ್ಲಿ ದೆವ್ವ ಸಾಮಾನ್ಯವಾಗಿ ಹೆಣ್ಣೇ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತ್ ನಾಗ್ ಪಾತ್ರವನ್ನು ಹಿಡಿದದ್ದು ಹೆಣ್ಣಿನ ಆತ್ಮ. 2004ರ ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಅವರ ಗಂಗಾ ತನ್ನನ್ನೇ ನಾಗವಲ್ಲಿ ಎಂದುಕೊಂಡಳು. ತೊಂಬತ್ತರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದವಳೂ ರಾತ್ರಿ ಬಂದು ಕದ ತಟ್ಟುವ ಹೆಂಗಸೇ. ಊರೆಲ್ಲ ಅವಳಿಗೆ ಹೆದರಬೇಕಿತ್ತು. ‘ಅಯ್ಯನ ಮನೆ’ಯಲ್ಲಿ ಹೆದರಿ ನಿಂತವಳೇ ಹೆಣ್ಣು, ಹೆದರಿಸುವುದು ಮನೆತನ. ಈ ಸರಣಿಯ ದೊಡ್ಡ ಗಳಿಕೆ ಇದೇ. ಧಾರಾವಾಹಿಗಳಂತೆ ವರ್ಷಗಟ್ಟಲೆ ಎಳೆಯದೆ ಕೆಲವೇ ಕಂತುಗಳಲ್ಲಿ ಮುಗಿಸಿದ್ದು ಇನ್ನೊಂದು.

ಒಂದು ದೂರೂ ಇದೆ. ತೆರೆಗೆ ಚಿಕ್ಕಮಗಳೂರು ಎಂದರೆ ಮಂಜು, ಮಳೆ, ಹಳೆಯ ಮನೆ. ಜಿಲ್ಲೆಯ ಪೂರ್ವದ ಬಯಲು ಅಲ್ಲಿ ಕಾಣಿಸುವುದೇ ಇಲ್ಲ. ಕೆಮ್ಮಣ್ಣುಗುಂಡಿಯ ಮಗ್ಗುಲಲ್ಲಿರುವ ತರೀಕೆರೆಗೆ ಅರ್ಧ ಮಲೆನಾಡು ದಕ್ಕಿದೆ, ನಿಜ. ಆದರೆ ಕಡೂರು ಮೋಡದ ದಾರಿ ಕಾಯುವ ತೆಂಗಿನ ಸೀಮೆ, ಅಜ್ಜಂಪುರ ಈರುಳ್ಳಿ, ಕಡಲೆಯ ಹೊಲಗಳ ಸೀಮೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಹೆದರಿಕೆ ಹುಟ್ಟುವುದಿಲ್ಲ ಎಂದುಕೊಂಡವರು ಅಯ್ಯನಕೆರೆಯ ಏರಿಯ ಮೇಲೆ ಒಮ್ಮೆ ನಿಲ್ಲಬೇಕು.

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿದೆ ಆ ಕೆರೆ. ಅಲ್ಲಿಯ ಜನ ಹೇಳುವ ಕತೆ ಹೀಗೆ: ಏರಿ ಒಡೆಯುವ ಹೊತ್ತು ಬಂತು. ಕೆರೆಯ ದೇವತೆ ನೀರಗಂಟಿಗೆ ಕಾಣಿಸಿಕೊಂಡು, ಹೊರಡುತ್ತೇನೆ ಎಂದಳು. ದೊರೆಗೆ ತಿಳಿಸಿ ಬರುತ್ತೇನೆ, ಅಲ್ಲಿಯವರೆಗೆ ತಡೆ ಎಂದು ಅವನು ಮಾತು ತೆಗೆದುಕೊಂಡು ಓಡಿದ. ಸುದ್ದಿ ಕೇಳಿದ ದೊರೆ ಅವನನ್ನು ಕೊಲ್ಲಿಸಿದ. ನೀರಗಂಟಿ ತಿರುಗಿ ಬರುವುದಿಲ್ಲ, ಹಾಗಾಗಿ ದೇವತೆ ಕಾಯುತ್ತಲೇ ಇರಬೇಕು, ಕೆರೆ ಒಡೆಯುವುದೇ ಇಲ್ಲ. ಈ ಕತೆಯಲ್ಲಿ ಮಂಜಿಲ್ಲ, ಕಿರುಚಾಟವಿಲ್ಲ. ಬರೀ ತುಂಬಿದ ನೀರು, ಕಾಯುತ್ತಿರುವ ಒಬ್ಬಳು.

‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಭಾಗೀರಥಿಯದೂ ಇಂಥದೇ ಬಯಲಿನ ಭಯ. ಕೆರೆಯಲ್ಲಿ ನೀರು ಬೀಳದಿದ್ದಾಗ ಮಾವ ಕಿರಿಯ ಸೊಸೆಯನ್ನು ಬಲಿಗೆ ಆರಿಸುತ್ತಾನೆ. ಅವಳು ತವರಿಗೆ ಹೋದರೂ ಹೆತ್ತವರ ಮುಂದೆ ನಿಜ ಆಡುವುದಿಲ್ಲ. ಹೇಳಿಕೊಂಡದ್ದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯೂ ತಡೆಯಲಿಲ್ಲ. ಮನೆತನದ ಒಳ್ಳೆಯದಕ್ಕೆ ಸೊಸೆ ಹೋಗಬೇಕು ಎಂಬ ಮಾತನ್ನು ಹಾಡಿನಲ್ಲಿ ಯಾರೂ ಎದುರಿಸುವುದಿಲ್ಲ. ಶಾಲೆಯ ಪಾಠದಲ್ಲಿ ತ್ಯಾಗವೆಂದು ಓದಿಸಿದ ಇದನ್ನು ಕೊಲೆಯೆಂದು ಓದುವ ಧೈರ್ಯ ಬರಲು ತಡವಾಯಿತು.

ಜಾಜಿ ಭಾಗೀರಥಿಯಂತಲ್ಲ. ಅವಳು ಕೇಳುತ್ತಾಳೆ: ಮೊದಲಿನ ಮೂವರು ಹೇಗೆ ಸತ್ತರು? ಈ ಒಂದು ಪ್ರಶ್ನೆಗಾಗಿಯೇ ಸರಣಿಯನ್ನು ಮನೆಮಂದಿಯೆಲ್ಲ ಕೂತು ನೋಡಬೇಕು, ಮುಖ್ಯವಾಗಿ ಅತ್ತೆ ಮಾವಂದಿರು. ಮೌಢ್ಯ ನಿಷೇಧ ಕಾಯ್ದೆಗೆ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು, 2020ರ ಜನವರಿಯಲ್ಲಿ ಅದು ಜಾರಿಗೂ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಈಗ ಅಪರಾಧ. ಕಾಲ್ಗುಣದ ಚುಚ್ಚುಮಾತು ಮಾತ್ರ ಯಾವ ಠಾಣೆಗೂ ಹೋಗುವುದಿಲ್ಲ. ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ ನಡೆಯುವ ಸಂಗತಿ ಅದು. ಅಂಥದ್ದನ್ನು ಹಿಡಿಯಲು ಕ್ಯಾಮೆರಾಕ್ಕೆ ಸಾಧ್ಯವಿದೆ.

ಕನ್ನಡದ ಮುಂದಿನ ಭಯದ ಸರಣಿ ಬೀರೂರು ಜಂಕ್ಷನ್‌ನಲ್ಲಿ ರೈಲಿಳಿದು ಬಯಲಿಗೆ ಬರಲಿ. ಚಿತ್ರೀಕರಣಕ್ಕೆ ಬೇಕಾದ್ದೆಲ್ಲ ಇಲ್ಲಿದೆ: ತೆಂಗಿನ ತೋಟದ ನಡುವೆ ಒಂದು ಹೆಂಚಿನ ಮನೆ, ಹೊಸ್ತಿಲಾಚೆ ಉರುಳಿದ ಸೇರು, ಚೆಲ್ಲಿದ ಅಕ್ಕಿಯನ್ನು ಒಬ್ಬಳೇ ಬಗ್ಗಿ ಬಳಿಯುತ್ತಿರುವ ಸೊಸೆ, ಅವಳ ಬೆನ್ನ ಹಿಂದೆ ನಿಂತ ಮನೆಯವರು.