ಗಡಿಗೆ ಹಸಿಯಿದ್ದಾಗಲೇ ತಿದ್ದಬೇಕು

ಖಾನಾಪುರದ ಕುಂಬಾರಿಕೆಗೆ ಮೊದಲಿನಿಂದಲೂ ಹೆಸರಿದೆ. ಗಡಿಗೆಯ ಸೊಟ್ಟನ್ನು ಮಣ್ಣು ಹಸಿಯಿದ್ದಾಗಲೇ ತಿದ್ದಬೇಕು ಎಂಬುದು ಕುಂಬಾರರಿಗೆಲ್ಲ ಗೊತ್ತು. ಆವಿಗೆಯಲ್ಲಿ ಸುಟ್ಟರೆ ಸೊಟ್ಟು ನೆಟ್ಟಗಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲೇ ರಾಕ್ ಹಾಡು ಮುದ್ರಿಸಿಕೊಳ್ಳುವ ಕಾಲೇಜು ಹುಡುಗ ಹುಡುಗಿಯರೂ ಇದನ್ನು ನೆನಪಿಡಬೇಕು.

ಬೇರೆ ಬೇರೆಯಾಗಿ ಮುದ್ರಿಸಿದ ಗಿಟಾರು, ಬೇಸ್, ಡ್ರಮ್ಸ್, ಕಂಠಗಳನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್. ಹಾಗೆ ಬೆರೆಸಿದ ಹಾಡಿಗೆ ಕೊನೆಯ ಒಪ್ಪ ಕೊಡುವುದು ಮಾಸ್ಟರಿಂಗ್. ಮೊದಲನೆಯದು ಹಸಿ ಗಡಿಗೆ, ಎರಡನೆಯದು ಆವಿಗೆ. ‘ಮಾಸ್ಟರಿಂಗ್‌ನಲ್ಲಿ ಸರಿಹೋಗುತ್ತದೆ ಬಿಡು’ ಎಂದುಕೊಂಡು ಕಳಿಸಿದ ತಪ್ಪುಗಳು ಅಲ್ಲಿ ಸರಿಹೋಗುವುದು ಅಪರೂಪ.

ಪಾಲಕರು ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕಬೇಕಿಲ್ಲ. 2020ರಲ್ಲಿ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಗೆದ್ದ ಬಿಲಿ ಐಲಿಶ್ ಅವರ ಹಾಡುಗಳಲ್ಲಿ ಬಹುಪಾಲು ಮುದ್ರಣವಾದದ್ದು ಲಾಸ್ ಏಂಜಲೀಸಿನ ತಂದೆತಾಯಿಯ ಮನೆಯಲ್ಲಿ, ಅಣ್ಣನ ಮಲಗುವ ಕೋಣೆಯಲ್ಲಿ. ಟಿಳಕವಾಡಿಯ ಕೋಣೆಯೂ ಸ್ಟುಡಿಯೊ ಆಗಬಲ್ಲದು, ಆ ಕೋಣೆಯ ಗುಣ ತಿಳಿದಿದ್ದರೆ.

ಕೋಣೆ ಹೇಳುವ ಸುಳ್ಳು

ಹತ್ತು ಅಡಿ ಉದ್ದದ ಕೋಣೆಯೆಂದುಕೊಳ್ಳೋಣ. ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದ, ಎದುರುಬದುರು ಗೋಡೆಗಳ ನಡುವೆ ಬಡಿದಾಡುತ್ತ 56 ಹರ್ಟ್ಸ್ ಆಸುಪಾಸಿನ ಕಂಪನವನ್ನು ತಾನೇ ಉಬ್ಬಿಸುತ್ತದೆ. ಬೇಸ್ ಗಿಟಾರಿನ ‘ಎ’ ತಂತಿಯ ಕಂಪನ 55 ಹರ್ಟ್ಸ್! ಆದ್ದರಿಂದ ಆ ಸ್ವರ ಬಂದಾಗಲೆಲ್ಲ ಗೋಡೆಯ ಪಕ್ಕ ಕುಳಿತವನಿಗೆ ಕೋಣೆಯೇ ಗುಂಯ್ ಎನ್ನುತ್ತದೆ. ಕೋಣೆಯ ನಟ್ಟನಡುವೆ ಕುಳಿತವನಿಗೆ ಅದೇ ಸ್ವರ ಮಾಯ. ಹಾಡು ಹಾಕಿ ಕೋಣೆಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿದರೆ ಇದು ಯಾರಿಗೂ ತಿಳಿದೀತು.

ಗೋಡೆಗೆ ಅಜ್ಜಿಯ ಕೌದಿ ತೂಗುಹಾಕಿದರೆ ಮೇಲಿನ ಸ್ವರಗಳ ಮಾರ್ದನಿ ಕಡಿಮೆಯಾಗುತ್ತದೆ, ನಿಜ. ಆದರೆ ಕೆಳಗಿನ ಗುಂಯ್‌ಕಾರ ಕೌದಿಗೆ ಬಗ್ಗುವುದಿಲ್ಲ. ಹಾಗಾಗಿ ಬೇಸ್ ಎಷ್ಟಿರಬೇಕೆಂಬ ತೀರ್ಮಾನವನ್ನು ಒಂದೇ ಕೋಣೆಗೆ ಬಿಡಬಾರದು. ಹೆಡ್‌ಫೋನಿನಲ್ಲಿ, ಅಡುಗೆಮನೆಯ ಪುಟ್ಟ ಸ್ಪೀಕರಿನಲ್ಲಿ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೇಳಬೇಕು. ಬಸ್ಸಿನ ಸದ್ದಿನಲ್ಲೂ ಹಾಡಿನ ಮಾತು ಕಿವಿಗೆ ಬಿದ್ದರೆ ಮಿಕ್ಸ್ ಅರ್ಧ ಗೆದ್ದಂತೆ.

ಮಳೆಗಾಲದಲ್ಲಿ ಈ ಸೀಮೆಯವರಿಗೆ ಇನ್ನೊಂದು ತೊಡಕು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಕಂಪನಗಳಲ್ಲೂ ಹರಡಿರುತ್ತದೆ. ಕಂಠದೊಳಗೆ ಬೆರೆತ ಮೇಲೆ ಅದನ್ನು ಸೋಸಿ ತೆಗೆದರೆ ಕಂಠವೂ ಸೊರಗುತ್ತದೆ. ಮಳೆ ಹೊಯ್ಯುವಾಗ ನೇರವಾಗಿ ತಂತಿಯ ಮೂಲಕ ಗಿಟಾರು, ಬೇಸ್ ಮುದ್ರಿಸಿಕೊಳ್ಳಿ. ಮಳೆ ನಿಂತಾಗ ಫ್ಯಾನು ಆರಿಸಿ ಹಾಡಿ. ವಿದ್ಯುತ್ತಿನ ಗುಂಯ್‌ಕಾರ 50, 100 ಹರ್ಟ್ಸ್‌ಗಳಲ್ಲಿ ಕೇಳುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿ, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ.

ಕೂಡಿಸುವುದಲ್ಲ, ಕಳೆಯುವುದು

ಹಾಡಿನಲ್ಲಿ ಗಿಟಾರು ಕೇಳುತ್ತಿಲ್ಲವೆಂದು ಗಿಟಾರು ಏರಿಸುತ್ತೇವೆ. ಆಗ ಕಂಠ ಮುಳುಗುತ್ತದೆ, ಕಂಠ ಏರಿಸುತ್ತೇವೆ. ಕೊನೆಗೆ ಎಲ್ಲರೂ ಒಟ್ಟಿಗೆ ಕೂಗುವ ಸಂತೆಯಾಗುತ್ತದೆ. ಇದಕ್ಕೆ ಮದ್ದು ಕಳೆಯುವುದು. ಕಂಠ ಮತ್ತು ಗಿಟಾರುಗಳಲ್ಲಿ 80–100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಆ ಜಾಗವನ್ನು ಬೇಸ್‌ಗೂ ಕಿಕ್ ಡ್ರಮ್ಮಿಗೂ ಬಿಟ್ಟುಕೊಡಿ. ಗಿಟಾರುಗಳೆರಡಿದ್ದರೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿ. ನಡುವಿನ ಜಾಗ ಕಂಠದ್ದು.

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದ ಒಂದು ಶ್ವಾಸಕೋಶದ ಬಲ ಕಳೆದುಕೊಂಡ ಮೇಲೆ, ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನೂ ನಡುನಡುವೆ ಬಿಡುವನ್ನೂ ಇಟ್ಟು ಹಾಡಿದರು. ಖಾಲಿ ಬಿಟ್ಟ ಜಾಗವೂ ಸಂಗೀತವೇ ಎಂಬ ಪಾಠ ರಾಕ್ ಹಾಡಿಗೂ ಸಲ್ಲುತ್ತದೆ.

ಕನ್ನಡದ ಹಾಡಾದರೆ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಮಾತಿನ ಅರ್ಥ ಪದದ ಬಾಲದಲ್ಲಿರುತ್ತದೆ. ಹೋದೆ, ಹೋದ, ಹೋದಳು—ಹೋದವರು ಯಾರೆಂದು ಹೇಳುವುದು ಕೊನೆಯ ಅಕ್ಷರ. ಹಾಡುವಾಗ ಉಸಿರು ಇಳಿಯುವುದೂ ಅಲ್ಲೇ, ಸಿಂಬಲ್ ಝಣ್ಣೆನ್ನುವುದೂ ಅಲ್ಲೇ! ಇಡೀ ಕಂಠವನ್ನು ಏರಿಸುವ ಬದಲು ಸಾಲಿನ ಕೊನೆಯ ಅಕ್ಷರಗಳನ್ನು ಮಾತ್ರ ಒಂದೆರಡು ಡೆಸಿಬೆಲ್ ಎತ್ತಿ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳಿವೆ. ಅಂಥದೊಂದನ್ನು ನಿಮ್ಮ ಹಾಡಿನ ಪಕ್ಕ, ಎರಡರ ಸದ್ದೂ ಸಮನಾಗಿಟ್ಟು, ಕೇಳಿ ನೋಡಿ. ಮಾತು ಎಲ್ಲಿ ಜಾರುತ್ತಿದೆಯೆಂದು ತಾನೇ ಗೊತ್ತಾಗುತ್ತದೆ.

ಜೋರು ಮಾಡುವ ಆಸೆ

ಕೊನೆಯ ತಪ್ಪು, ಆದರೆ ದೊಡ್ಡ ತಪ್ಪು ಇದು. ಮಿಕ್ಸ್ ಜೋರಾಗಿ ಕೇಳಲೆಂದು ಲಿಮಿಟರ್ ಹಾಕಿ ಹಿಂಡುವುದು. ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಹೀಗೆ ಹಿಂಡಿ ಹಿಪ್ಪೆಯಾಗಿದೆಯೆಂದು ಅಭಿಮಾನಿಗಳೇ ಗೊಣಗಿದರು. ಮಿಕ್ಸ್ ತನ್ನ ಕೈಗೆ ಬಂದಾಗಲೇ ಹಿಂಡಿಯಾಗಿತ್ತೆಂದು ಅದರ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಹೇಳಿಕೊಂಡರು. ಅಷ್ಟು ದೊಡ್ಡ ತಂಡದ ಸುಟ್ಟ ಗಡಿಗೆಯನ್ನೇ ತಿದ್ದಲಾಗದಿದ್ದರೆ ನಮ್ಮದನ್ನು ಯಾರು ತಿದ್ದಿಯಾರು?

ಒಟ್ಟು ಮಿಕ್ಸ್‌ನ ಮೇಲಿನ ಲಿಮಿಟರ್ ತೆಗೆಯಿರಿ. ಅತಿ ಎತ್ತರದ ಸದ್ದು ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲಲಿ. ಎಂಪಿ3 ಬೇಡ, 24 ಬಿಟ್‌ನ ವೇವ್ ಫೈಲನ್ನೇ ಕಳಿಸಿ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಂಥ ಸೇವೆಗಳು ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಸದ್ದಿಗೆ ತರುತ್ತವೆ. ಹಿಂಡಿ ಜೋರು ಮಾಡಿದ್ದನ್ನು ಅಲ್ಲಿ ಇಳಿಸಿಯೇ ಹಾಕುತ್ತಾರೆ. ಉಳಿಯುವುದು ಹಿಂಡಿದ ಗಾಯ ಮಾತ್ರ.

ಪಾಲಕರಿಗೊಂದು ಸಮಾಧಾನದ ಸುದ್ದಿಯಿದೆ. ಮಿಕ್ಸಿಂಗ್‌ನ ಹೆಚ್ಚಿನ ಕೆಲಸ ಮಾತಾಡುವ ಮಟ್ಟದ ಸದ್ದಿನಲ್ಲೇ ಆಗಬೇಕು. ಜೋರಾಗಿ ಹಾಕಿದರೆ ನಮ್ಮ ಕಿವಿಗೆ ಬೇಸ್ ತುಂಬಿಕೊಂಡಂತೆ ಕೇಳಿ ಎಲ್ಲವೂ ಚೆಂದವೆನಿಸುತ್ತದೆ. ಮೆಲ್ಲಗೆ ಕೇಳಿದಾಗಲೇ ಕೊರತೆ ಕಾಣುವುದು. ಕಿವಿಗೂ ಇದೇ ಹಿತ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬ ಲೆಕ್ಕವಿದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಹೆಡ್‌ಫೋನ್ ಹಾಕಿದ ಮಕ್ಕಳಿಗೆ ಗಂಟೆಗೊಮ್ಮೆ ವಿರಾಮ ನೆನಪಿಸುವುದು ಮನೆಯವರ ಕೆಲಸ.

ಮಿಕ್ಸ್ ಮುಗಿಯಿತೆನಿಸಿದ ರಾತ್ರಿಯೇ ಕಳಿಸಬೇಡಿ. ಮರುದಿನ ಬೆಳಿಗ್ಗೆ ಹಾಡನ್ನು ಕೇಳದವರೊಬ್ಬರಿಗೆ, ಅಮ್ಮನಿಗೋ ಕಾಕಾನಿಗೋ, ಒಂದು ಸಲ ಕೇಳಿಸಿ ‘ಹಾಡಿನಲ್ಲಿ ಏನು ಹೇಳಿದೆ?’ ಎಂದಷ್ಟೇ ಕೇಳಿ. ಅವರಿಗೆ ರಾಕ್ ಹಿಡಿಸದಿರಬಹುದು, ಚಿಂತೆಯಿಲ್ಲ. ಮಾತು ತಿಳಿಯಲಿಲ್ಲವೆಂದರೆ ಮಾತ್ರ ಮಣ್ಣಿನ್ನೂ ಹಸಿಯಿದೆ, ತಿದ್ದಿ.