ಬಯೊನೆಟ್ ಕೂರದಿದ್ದರೆ ಬಂದೂಕನ್ನು ಉಜ್ಜಬೇಡಿ

ಇದೇನಪ್ಪಾ, ಇವನಿಗೆ ಬಂದೂಕಿನ ಹುಚ್ಚು ಯಾವಾಗ ಹಿಡೀತು ಅಂತ ಹುಬ್ಬೇರಿಸಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲೂ 1775ರ ಲೆಕ್ಸಿಂಗ್ಟನ್ ಕಾಳಗವನ್ನು ಜನ ವೇಷ ತೊಟ್ಟು ಆಡಿ ತೋರಿಸ್ತಾರೆ. ಇಂಥ ಆಟಗಳಲ್ಲಿ ಕೆಂಪು ಕೋಟಿನವರ ಕೈಯಲ್ಲಿರೋದು 'ಬ್ರೌನ್ ಬೆಸ್' ಮಸ್ಕೆಟ್. ಬಹುಪಾಲು ನಕಲು, ಅವುಗಳಲ್ಲಿ ಎಷ್ಟೋ ನಮ್ಮ ಭಾರತದಲ್ಲೇ ತಯಾರಾದವು. ಕೊಂಡವರ ಮಾಮೂಲಿ ದೂರು: "ಬಯೊನೆಟ್ ಕೂರೋದೇ ಇಲ್ಲ. ಇಂಡಿಯಾ ಮಾಲು, ಇನ್ನೇನಾಗುತ್ತೆ!"

ಕೂರೋದಿಲ್ಲ ಅನ್ನೋದು ಎಷ್ಟೋ ಸಲ ನಿಜ. ಆದರೆ 'ಇಂಡಿಯಾ ಮಾಲು' ಅನ್ನೋ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಅಸಲಿ ಬ್ರೌನ್ ಬೆಸ್ ಕಾಲದಲ್ಲೂ ಯಾವ ಬಯೊನೆಟ್ಟೂ ಯಾವ ಬಂದೂಕಿಗೂ ತಾನಾಗೇ ಕೂರ್ತಿರಲಿಲ್ಲ. ಕಮ್ಮಾರ ಅರ ಹಿಡಿದು, ಒಂದೊಂದನ್ನೂ ಅದರದೇ ನಳಿಗೆಗೆ ಹೊಂದಿಸಬೇಕಿತ್ತು. ಜೋಡಿ ಅದಲುಬದಲಾಗದಿರಲಿ ಅಂತ ಎರಡರ ಮೇಲೂ ಸಂಖ್ಯೆ ಕೊರೆಯೋರು. ಅಮೆರಿಕದ ಸರ್ಕಾರಿ ಕಾರ್ಖಾನೆಗಳಲ್ಲೇ ಬಿಡಿಭಾಗಗಳು ಪೂರ್ತಿ ಅದಲುಬದಲಾಗುವ ಮಸ್ಕೆಟ್ ಬಂದದ್ದು 1842ರ ಮಾದರಿಯಲ್ಲಿ. ಅಂದರೆ ಇಂದಿನ ಕೊಳ್ಳುವವರು ಕೈಕೆಲಸದ ವಸ್ತು ಕೊಂಡು, ಬಲ್ಬು ಹೋಲ್ಡರಿನ ಹೊಂದಾಣಿಕೆ ಕೇಳ್ತಿದ್ದಾರೆ!

ಈ ಬಂದೂಕು ನಮಗೂ ದೂರದ್ದಲ್ಲ. 39 ಅಂಗುಲ ನಳಿಗೆಯ 'ಇಂಡಿಯಾ ಪ್ಯಾಟರ್ನ್' ಈಸ್ಟ್ ಇಂಡಿಯಾ ಕಂಪನಿಯದು. ಬ್ರಿಟಿಷ್ ಸರ್ಕಾರ ಅದನ್ನು ತನ್ನ ಸೈನ್ಯಕ್ಕೆ ತಗೊಂಡದ್ದು 1790ರ ದಶಕದಲ್ಲಿ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದದ್ದು.

ಸರಿ, ಕೂರದಿದ್ದರೆ ಏನು ಮಾಡಬೇಕು? ಬಯೊನೆಟ್ಟಿನ ಬುಡದಲ್ಲಿ ಒಂದು ಕೊಳವೆ, ಅದರಲ್ಲಿ ಎರಡು ಕಡೆ ತಿರುಗುವ ಸೀಳು. ನಳಿಗೆಯ ತುದಿಯಲ್ಲಿ ಪುಟ್ಟ ಚೌಕ ಗುಬುಟು. ತಳ್ಳಿ, ತಿರುಗಿಸಿ, ಮತ್ತೆ ತುಸು ತಳ್ಳಿದರೆ ಗುಬುಟು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತೆ. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ. ಹಿಡಿತವೆಲ್ಲ ಆ ಹೊಂದಾಣಿಕೆಯದ್ದೇ.

ಮೊದಲು ಗಜಕಡ್ಡಿ ಇಳಿಸಿ, ನಳಿಗೆ ಖಾಲಿ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ನಳಿಗೆಯ ತುದಿಗೆ ಮೋಂಬತ್ತಿಯ ಮಸಿ ಬಳಿದು, ಬಯೊನೆಟ್ಟನ್ನು ಹೋಗುವಷ್ಟೇ ತಳ್ಳಿ ತೆಗೀರಿ. ಕೊಳವೆಯ ಒಳಗೆ ಮಸಿ ಅಂಟಿದ ಜಾಗವೇ ಉಜ್ಜುವ ಜಾಗ. ದುಂಡು ಕೋಲಿಗೆ ಎಮರಿ ಪೇಪರ್ ಸುತ್ತಿ ಅಲ್ಲಷ್ಟೇ ಉಜ್ಜಿ, ಒರೆಸಿ, ಮತ್ತೆ ಮಸಿ ಬಳಿದು ನೋಡಿ. ಸೀಳು ಬಿಗಿಯಾದರೆ ಸಣ್ಣ ಅರದಿಂದ ಸೀಳಿನ ಅಂಚನ್ನೇ ಸವೆಸಿ. ಹತ್ತು ಸಲ ನೋಡಿ, ಒಂದು ಸಲ ಉಜ್ಜಿ. ಗ್ರೈಂಡರ್ ಬೇಡ, ಸುತ್ತಿಗೆ ಬೇಡ, ಬೆಂಕಿಯಂತೂ ಬೇಡವೇ ಬೇಡ, ಅಲಗಿನ ಹದ ಹೋಗುತ್ತೆ.

ಹಲವರು ಅವಸರದಲ್ಲಿ ಗುಬುಟನ್ನೇ ಸವೆಸಿಬಿಡ್ತಾರೆ. ನನ್ನ ತಕರಾರು ಇಲ್ಲೇ. ಬಯೊನೆಟ್ ಕೆಟ್ಟರೆ ಇನ್ನೊಂದು ತರಬಹುದು. ಗುಬುಟು ಸವೆದರೆ ಆ ಬಂದೂಕಿಗೆ ಯಾವ ಬಯೊನೆಟ್ಟೂ ಭದ್ರವಾಗಿ ನಿಲ್ಲಲ್ಲ. ಕಾಲಿಗೆ ತಕ್ಕಂತೆ ಚಪ್ಪಲಿ ಹೊಲಿಸಬೇಕೇ ಹೊರತು ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ತಾರಾ?

ಸಡಿಲವೂ ಸಣ್ಣ ವಿಷಯವಲ್ಲ. ಅಲಗು ಸುಮಾರು 17 ಅಂಗುಲ. ಸಾಲಾಗಿ ನಿಂತು ಕವಾಯತು ಮಾಡುವಾಗ ಅದು ಕಳಚಿದರೆ ಬೀಳೋದು ಪಕ್ಕದವನ ಕಾಲಿನ ಮೇಲೆ. ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಕಳಚದಷ್ಟು ಹಿಡಿತ ಬರುವ ತನಕ ಅದನ್ನು ಜನರ ಮುಂದೆ ತರಲೇಬಾರದು.

ಮಾರುವವರಿಗೂ ಒಂದು ಮಾತು: "ಇದನ್ನು ಕೈಯಲ್ಲಿ ಹೊಂದಿಸಿಕೊಳ್ಳಬೇಕು" ಅಂತ ಒಂದು ಚೀಟಿ ಜೊತೆಗಿಟ್ಟರೆ ಗಂಟೇನೂ ಹೋಗಲ್ಲ. ಇನ್ನು, ಇದೆಲ್ಲ ನಕಲಿಗೆ ಮಾತ್ರ. ನಿಜವಾದ ಹಳೇ ಬಂದೂಕೋ ಬಯೊನೆಟ್ಟೋ ಸಿಕ್ಕಿ, ಎರಡೂ ಹೊಂದದೇ ಇದ್ರೆ ಹಾಗೇ ಬಿಡಿ. ಅವು ಬೇರೆ ಬೇರೆ ಜೋಡಿಯವು ಅನ್ನೋದಕ್ಕೆ ಅದೇ ಸಾಕ್ಷಿ, ಅದನ್ನು ಅರ ಹಾಕಿ ಅಳಿಸಬೇಡಿ.

ನೀವೇನಂತೀರಿ?